‘ಸ್ಯಾಂಡಿನಿಸ್ಟಾ!’ಗೆ ಕತ್ತರಿ ಹಾಕಬೇಡಿ

‘ಸ್ಯಾಂಡಿನಿಸ್ಟಾ!’ ಮಾತು ಬಂದಾಗಲೆಲ್ಲ ಅದೇ ರಾಗ: ಮೂರು ಎಲ್‌ಪಿ ತಟ್ಟೆ ಯಾಕೆ ಬೇಕಿತ್ತು, ಜೊಳ್ಳು ತೂರಿ ಒಂದಕ್ಕೆ ಇಳಿಸಿದ್ದರೆ ಅಪ್ಪಟ ಆಲ್ಬಂ ಆಗುತ್ತಿತ್ತು. ನಾವು ಒಪ್ಪುವುದಿಲ್ಲ.

ಲಂಡನ್ನಿನ ಪಂಕ್ ರಾಕ್ ತಂಡ ದಿ ಕ್ಲ್ಯಾಶ್ ಇದನ್ನು ತಂದಿದ್ದು 1980ರ ಡಿಸೆಂಬರಿನಲ್ಲಿ. ಆರು ಬದಿ, ಬದಿಗೆ ಆರರಂತೆ 36 ಹಾಡು. ಮೂರು ತಟ್ಟೆಯನ್ನು ಒಂದರ ಆಸುಪಾಸಿನ ಬೆಲೆಗೆ ಮಾರಬೇಕೆಂದು ತಂಡ ಹಠ ಹಿಡಿಯಿತು. ಅದಕ್ಕಾಗಿ ಬ್ರಿಟನ್ನಿನಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟಿತು. ಇದನ್ನು ಅಹಂಕಾರ ಎನ್ನುವವರು ಈ ಲೆಕ್ಕ ನೋಡಿದ್ದಾರಾ?

ಎಲ್ಲ ಹಾಡೂ ಒಂದೇ ತೂಕದ್ದಲ್ಲ, ನಿಜ. ಆದರೆ ಕತ್ತರಿ ಹಿಡಿದವರು ಮೊದಲು ಕೈ ಹಾಕುವುದು ಕೊನೆಯ ಬದಿಗಳ ಡಬ್ ಹಾಡುಗಳಿಗೆ, ಜಮೈಕಾದ ಮೈಕಿ ಡ್ರೆಡ್ ಕೈವಾಡವಿದ್ದ ಕಡೆಗೇ. ಗಿಟಾರಿನ ಅಬ್ಬರ ಮಾತ್ರ ಪಂಕ್ ಎಂಬ ಮಡಿವಂತಿಕೆ ಇದು. ಪತ್ರಿಕೆಯ ಪುಟ ಕಟ್ಟಿದವರಿಗೆ ಗೊತ್ತು: ಜಾಗ ಸಾಲದಾದಾಗ ಮೊದಲು ಹಾರುವುದು ದೂರದ ಊರಿನ ಸುದ್ದಿ.

ಈ ಆಲ್ಬಂ ತುಂಬ ದೂರದ ಊರುಗಳೇ. ಹೆಸರೇ 1979ರಲ್ಲಿ ನಿಕರಾಗುವಾದ ಸೊಮೋಸಾ ಸರ್ವಾಧಿಕಾರವನ್ನು ಕೆಡವಿದವರದು. ‘ವಾಷಿಂಗ್ಟನ್ ಬುಲೆಟ್ಸ್’ ಅಮೆರಿಕಕ್ಕೆ ಬೈದು ಸುಮ್ಮನಾಗುವುದಿಲ್ಲ. ಅಫ್ಘಾನಿಸ್ತಾನಕ್ಕಾಗಿ ಸೋವಿಯತ್ತನ್ನೂ ಟಿಬೆಟ್ಟಿಗಾಗಿ ಚೀನಾವನ್ನೂ ತರಾಟೆಗೆ ತೆಗೆದುಕೊಳ್ಳುತ್ತದೆ.

ಬೇಡದ ಹಾಡನ್ನು ಕೇಳುಗ ತಾನೇ ದಾಟಿಹೋಗಬಲ್ಲ. ತಟ್ಟೆಯಲ್ಲೇ ಇಲ್ಲದ್ದನ್ನು ಎಲ್ಲಿ ಹುಡುಕಿಯಾನು? ತಮ್ಮ ಗಳಿಕೆ ಬಿಟ್ಟು, ಅಗ್ಗದ ಬೆಲೆಗೆ ಇಡೀ ಮೂಟೆ ಬಿಚ್ಚಿ ‘ಆರಿಸಿಕೊಳ್ಳಿ’ ಎಂದವರನ್ನು ದುಂದುಗಾರರು ಎನ್ನುವುದು ಅನ್ಯಾಯ.