ಕನ್ನಡಿಯನ್ನು ಕೊಂಡರಷ್ಟೇ ಸಾಲದು

ಶಾಲೆಗೊಂದು ದೂರದರ್ಶಕ ಕೊಳ್ಳಬೇಕೆಂದಿದ್ದೇವೆ, ಮಸೂರದ್ದು ಒಳ್ಳೆಯದೋ ಕನ್ನಡಿಯದ್ದೋ ಎಂದು ಶಿಕ್ಷಕರು ಆಗಾಗ ಕೇಳುತ್ತಾರೆ. ಕನ್ನಡಿಯದ್ದೇ ಕೊಳ್ಳಿ ಎನ್ನುತ್ತೇನೆ. ಆದರೆ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ ಎಂದೂ ಸೇರಿಸುತ್ತೇನೆ.

ಮಸೂರದ ಮೂಲಕ ಹಾಯುವಾಗ ಒಂದೊಂದು ಬಣ್ಣದ ಬೆಳಕು ಒಂದೊಂದು ಪ್ರಮಾಣದಲ್ಲಿ ಬಾಗುತ್ತದೆ. ಅಗ್ಗದ ಮಸೂರಗಳಲ್ಲಿ ಗುರುಗ್ರಹದ ಅಂಚಿಗೆ ನೇರಿಳೆ ಸೆರಗು ಮೂಡುವುದು ಇದರಿಂದಲೇ. ಪ್ರತಿಫಲನಕ್ಕೆ ಈ ಪಂಕ್ತಿಭೇದವಿಲ್ಲ. 1668ರಲ್ಲಿ ನ್ಯೂಟನ್ ರಚಿಸಿದ ಪುಟ್ಟ ದೂರದರ್ಶಕದ ಗುಟ್ಟು ಇದೇ. ಕೊಳವೆಯ ತಳದಲ್ಲಿರುವ ನಿಮ್ನ ದರ್ಪಣ ಬೆಳಕನ್ನು ಒಗ್ಗೂಡಿಸಿ ಮೇಲಕ್ಕೆ ಕಳುಹಿಸುತ್ತದೆ; ಬಾಯಿಯ ಬಳಿ ಓರೆಯಾಗಿ ನಿಂತ ಚಿಕ್ಕ ಸಮತಲ ಕನ್ನಡಿ ಅದನ್ನು ಪಕ್ಕದ ನೇತ್ರಮಸೂರಕ್ಕೆ ತಿರುಗಿಸುತ್ತದೆ. ಆರು ಅಂಗುಲದ ದರ್ಪಣವು ಕತ್ತಲಿಗೆ ಹೊಂದಿಕೊಂಡ ಕಣ್ಣಿಗಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಅದೇ ಗಾತ್ರದ ಒಳ್ಳೆಯ ಮಸೂರದ ಬೆಲೆ ಶಾಲೆಗಳ ಕೈಗೆಟುಕುವಂಥದ್ದಲ್ಲ.

ಮಸೂರವನ್ನು ಅಂಚಿನಲ್ಲಷ್ಟೇ ಹಿಡಿದು ನಿಲ್ಲಿಸಲು ಸಾಧ್ಯ. ದೊಡ್ಡದಾದಷ್ಟೂ ಅದು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಅಮೆರಿಕದ ಯರ್ಕಿಸ್ ವೀಕ್ಷಣಾಲಯ 1897ರಲ್ಲಿ ಅಳವಡಿಸಿದ 40 ಅಂಗುಲದ ಮಸೂರದೊಂದಿಗೆ ಆ ದಾರಿ ಹೆಚ್ಚುಕಡಿಮೆ ಮುಗಿಯಿತು. ಕನ್ನಡಿಗಾದರೋ ಬೆನ್ನಿನ ತುಂಬ ಆಸರೆ ಕೊಡಬಹುದು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ಸ್ಥಾಪಿಸಿ, 1986ರಲ್ಲಿ ಉದ್ಘಾಟನೆಗೊಂಡ ವೈನು ಬಾಪು ದೂರದರ್ಶಕದ ದರ್ಪಣ 2.34 ಮೀಟರ್ ಅಗಲವಿದೆ.

ಇಷ್ಟೆಲ್ಲ ಗುಣಗಳ ಜೊತೆಗೆ ಕನ್ನಡಿಯ ನಖರಾಗಳೂ ಇವೆ. ಮಧ್ಯದ ಚಿಕ್ಕ ಕನ್ನಡಿ ಒಂದಿಷ್ಟು ಬೆಳಕನ್ನು ತಡೆದು ಬಿಂಬದ ಸ್ಫುಟತೆಯನ್ನು ತುಸು ಕುಗ್ಗಿಸುತ್ತದೆ. ತೆರೆದ ಕೊಳವೆಯೊಳಗೆ ದೂಳು, ತೇವ ಎರಡೂ ಇಳಿಯುತ್ತವೆ. ಅಲ್ಯೂಮಿನಿಯಂ ಲೇಪ ವರ್ಷಗಳುರುಳಿದಂತೆ ಮಂಕಾಗುತ್ತದೆ. ಆಕಾರದಲ್ಲಿ ಕೂದಲೆಳೆಯಷ್ಟಿರಲಿ, ಅದರ ನೂರನೇ ಒಂದು ಭಾಗದಷ್ಟು ತಪ್ಪನ್ನೂ ದರ್ಪಣ ಸಹಿಸದು. 1990ರಲ್ಲಿ ಕಕ್ಷೆ ಸೇರಿದ ಹಬಲ್‌ನ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿದ್ದುದಕ್ಕೆ ಗಗನಯಾತ್ರಿಗಳು 1993ರಲ್ಲಿ ಮೇಲಕ್ಕೆ ಹೋಗಿ ದುರಸ್ತಿ ಮಾಡಬೇಕಾಯಿತು.

ನಮ್ಮ ಶಾಲೆಗಳ ಸಮಸ್ಯೆ ಅಷ್ಟು ಘನವಾದದ್ದೇನಲ್ಲ. ನಾನು ಕಂಡ ಒಂದು ಶಾಲೆಯಲ್ಲಿ ದಾನಿಯೊಬ್ಬರು ಕೊಟ್ಟ ದೂರದರ್ಶಕ ಎರಡು ಮಳೆಗಾಲಗಳಿಂದ ಬೀರುವಿನ ಮೇಲೆ ಮಲಗಿತ್ತು. ‘ಕೆಟ್ಟುಹೋಗಿದೆ’ ಎಂದರು. ಕೆಟ್ಟಿರಲಿಲ್ಲ, ಸಾಗಾಟದಲ್ಲಿ ಕದಲಿದ್ದ ದರ್ಪಣವನ್ನು ಹಿಂಬದಿಯ ಮೂರು ತಿರುಪುಗಳಿಂದ ನೇರಗೊಳಿಸಿದರೆ ಸಾಕಿತ್ತು. ಯಾರೋ ಕಾಳಜಿಯಿಂದಲೇ ಒಣಬಟ್ಟೆಯಲ್ಲಿ ಒರೆಸಿದ್ದರಿಂದ ಬಿದ್ದ ಗೀರುಗಳು ಮಾತ್ರ ಹಾಗೆಯೇ ಉಳಿದವು.

ಉಪಕರಣ ಕೊಡುವ ದಾನಿಗಳು, ಇಲಾಖೆಗಳು ಅದರ ನಿರ್ವಹಣೆಗೆ ಬಿಡಿಗಾಸನ್ನೂ ತೆಗೆದಿಡುವುದಿಲ್ಲ. ಖರೀದಿಯ ಮೊತ್ತದಲ್ಲೇ ಇಬ್ಬರು ಶಿಕ್ಷಕರ ತರಬೇತಿ ಮತ್ತು ಮುಂದಿನ ಮರುಲೇಪನದ ವೆಚ್ಚ ಸೇರಿರಲಿ. ಬೆಂಗಳೂರಿನ ನೆಹರು ತಾರಾಲಯದಂಥ ಸಂಸ್ಥೆಗಳು ಮಳೆ ಮುಗಿದು ಆಕಾಶ ತಿಳಿಯಾಗುವ ನವೆಂಬರ್ ಹೊತ್ತಿಗೆ ತಪಾಸಣಾ ಶಿಬಿರ ನಡೆಸಲಿ. ಶಾಲೆಗಳು ಬೀರುವಿನ ಮೇಲಿರುವುದನ್ನೆಲ್ಲ ಅಲ್ಲಿಗೆ ತರಲಿ, ತಿರುಪು ತಿರುಗಿಸುವ ಕೆಲಸವನ್ನು ಮಕ್ಕಳ ಕೈಯಿಂದಲೇ ಮಾಡಿಸಲಿ.