ಫಿಸಿಕ್ಸ್ ಎಲ್ಲಿವರೆಗೆ, ನಮ್ಮ ಪ್ರಶ್ನೆ ಎಲ್ಲಿಂದ?

ಮೊನ್ನೆ ಭಾನುವಾರ ನಮ್ಮ ಓದು ಬಳಗದಲ್ಲಿ ಎಂಎಸ್ಸಿ ಓದುತ್ತಿರುವ ತಮ್ಮನೊಬ್ಬ, "ಅಣ್ಣಾ, ಎಲ್ಲಾ ಅಣುಗಳೇ ತಾನೇ? ಜನಕ್ಕೆ ಫಿಸಿಕ್ಸ್ ಕಲಿಸಿಬಿಟ್ಟರೆ ಜಾತಿ ತಾನಾಗೇ ಹೋಗುತ್ತೆ" ಅಂದ. ನಾನು ಬಿಎ ಓದಿದ ಗುಮಾಸ್ತ. ಅಲ್ಲೇ ಉತ್ತರ ಹೊಳೀಲಿಲ್ಲ. ಈಗ ಬರೀತಿದ್ದೀನಿ.

ಮ್ಯಾನ್‌ಹೋಲನ್ನೇ ತಗೊಳ್ಳಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಅದರ ಅಣುತೂಕ 34, ಗಾಳಿಯದ್ದು ಸರಾಸರಿ 29. ಗಾಳಿಯಾಡದ ಗುಂಡಿಯಲ್ಲಿ ಅದು ತಳ ಹಿಡಿಯುತ್ತೆ. ಹೂಳು ಕದಡಿದರೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಮ್ಮೆಗೇ ಏಳುತ್ತೆ. ಇಷ್ಟನ್ನು ವಿಜ್ಞಾನ ಖಚಿತವಾಗಿ ಹೇಳುತ್ತೆ. ಆದರೆ ಅಲ್ಲಿಗೆ ಇಳಿಯೋನು ಮತ್ತೆ ಮತ್ತೆ ನಮ್ಮ ಕೇರಿಯವನೇ ಯಾಕೆ? ಗುರುತ್ವಾಕರ್ಷಣೆ ಜಾತಿ ನೋಡಿ ಎಳೆಯೋದಿಲ್ಲ. 2013ರಲ್ಲೇ ನಿಷೇಧ ಕಾಯ್ದೆ ಬಂತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಅಂದರೆ ಸಾವು ನಿಂತಿರಲಿಲ್ಲ. ಗ್ಯಾಸಿನ ತೂಕ ಗೊತ್ತಿಲ್ಲದೆ ಸತ್ತವರಲ್ಲ ಇವರು, ಗೊತ್ತಿದ್ದವರು ಇಳಿಸಿದ್ದಕ್ಕೆ ಸತ್ತವರು.

ಮೇಘನಾದ ಸಾಹಾ ನೆನಪಾಗ್ತಾರೆ. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ, ಕೆಳಜಾತಿಯ ಸಣ್ಣ ಅಂಗಡಿಯವರ ಮನೆಯಲ್ಲಿ ಹುಟ್ಟಿದವರು. ಕಲ್ಕತ್ತದ ಹಾಸ್ಟೆಲ್‌ನಲ್ಲಿ ಮೇಲ್ಜಾತಿ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಅವರೂ ಕಾಲೇಜು ಓದಿದವರೇ! 1920ರಲ್ಲಿ ಸಾಹಾ ಕೊಟ್ಟ ಸಮೀಕರಣದಿಂದ ನಕ್ಷತ್ರದ ಬೆಳಕು ನೋಡಿ ಅದರ ಉಷ್ಣತೆ ತಿಳಿಯಬಹುದಾಯ್ತು. ಆದರೆ ಊಟದ ಪಂಕ್ತಿ ಯಾಕೆ ಬೇರೆ ಅನ್ನೋದನ್ನು ಆ ಸಮೀಕರಣ ಹೇಳಲಾರದು. 1952ರಲ್ಲಿ ಅದೇ ಸಾಹಾ ಗೆದ್ದು ಲೋಕಸಭೆಗೆ ಹೋದರು.

ಇನ್ನೊಂದು ಕಡೆಯವರಿಗೂ ಒಂದು ಮಾತು. "ನೋಡಿ, ವಿಜ್ಞಾನಕ್ಕೂ ಮಿತಿ ಇದೆ" ಅಂತ ಹೇಳಿ ಆ ಜಾಗದಲ್ಲಿ ಜ್ಯೋತಿಷ್ಯ, ವಾಸ್ತು ತಂದು ಕೂರಿಸೋರು ಇದ್ದಾರೆ. ಪಂಚಾಂಗ ಸುಧಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದವರೂ ಸಾಹಾ ಅವರೇ. ನಾವು ಉತ್ತರಾಯಣ ಅನ್ನೋದು ಜನವರಿ 14ಕ್ಕೆ, ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗೋದು ಡಿಸೆಂಬರ್ 22ರ ಆಸುಪಾಸು. ತನ್ನ ಹೊಲದಲ್ಲಿ ಫಿಸಿಕ್ಸ್ ಯಾರ ಮುಲಾಜಿಗೂ ಬಗ್ಗೋದಿಲ್ಲ. ಆ ಹೊಲದ ಬದು ದಾಟಿದರೆ ಸಿಗೋದು ದೇವರ ಕೋಣೆಯಲ್ಲ. ಅಲ್ಲಿ ಇತಿಹಾಸ ಇದೆ, ಕಾನೂನು ಇದೆ, ಬಾಬಾಸಾಹೇಬರ 'ಜಾತಿ ವಿನಾಶ' ಇದೆ.

ಆದ್ದರಿಂದ ತಮ್ಮಾ, ಫಿಸಿಕ್ಸ್ ಬಿಡಬೇಡ. ಪಿಎಚ್‌ಡಿವರೆಗೂ ಓದು. ಅದೊಂದೇ ಸಾಕು ಅಂತ ಮಾತ್ರ ಅನ್ನಬೇಡ. ಮುಂದಿನ ಭಾನುವಾರ ಪೌರಕಾರ್ಮಿಕರ ಕಾಲೋನಿಯಲ್ಲಿ ಸೇರೋಣ. ಗ್ಯಾಸಿನ ಪಾಠ ನೀನು ಮಾಡು, ಕಾಯ್ದೆಯ ಪಾಠ ನಾನು ಮಾಡ್ತೀನಿ.

ಜೈ ಭೀಮ್.