ದ್ವೀಪದ ಕವಿತೆ ಅಂದ್ರೆ ಬರೀ ಕಡಲು, ತೆಂಗು ಅಲ್ಲ 🌴

ಈ ವಾರದ ಓದು: ಕೆರಿಬಿಯನ್ ದ್ವೀಪಗಳ ಕವಿತೆ. ಕ್ಯಾಪ್ಷನ್ ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

"ದ್ವೀಪ" ಅಂತ ಇಲ್ಲೇ ಸರ್ಚ್ ಮಾಡಿ ನೋಡಿ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ಅಲ್ಲಿನ ಜನ ಫೋಟೋದಲ್ಲಿ ಇರೋದೇ ಇಲ್ಲ. ಇದ್ದರೂ ಜ್ಯೂಸ್ ಟ್ರೇ ಹಿಡ್ಕೊಂಡು ನಿಂತಿರ್ತಾರೆ. ಅಂಥ ಫೋಟೋ ನೋಡಿ ನಾವು ಬರೆಯೋ ಕವಿತೆಗಳೂ ಹಾಗೇ: ಒಂದು ಅಲೆ, ಒಂದು ಸೂರ್ಯಾಸ್ತ, ಮುಗೀತು. ನನ್ನ ವಾದ ಇಷ್ಟೇ. ದ್ವೀಪದ ಚೆಲುವನ್ನು ಅದರ ಚರಿತ್ರೆಯಿಂದ ಕಿತ್ತು ಬರೆದರೆ ಪೋಸ್ಟ್‌ಕಾರ್ಡ್ ಆಗುತ್ತೆ, ಕವಿತೆ ಆಗಲ್ಲ.

ಇದನ್ನು ಬರೆದು ತೋರಿಸಿದವರು ಡೆರೆಕ್ ವಾಲ್ಕಾಟ್. ಹುಟ್ಟಿದ್ದು 1930ರಲ್ಲಿ, ಸೇಂಟ್ ಲೂಸಿಯಾ ಅನ್ನೋ ಪುಟ್ಟ ದ್ವೀಪದಲ್ಲಿ. ಹದಿಹರೆಯದಲ್ಲೇ ಅಮ್ಮನ ಹತ್ರ ದುಡ್ಡು ಇಸ್ಕೊಂಡು ಮೊದಲ ಪುಸ್ತಕ ಅಚ್ಚು ಹಾಕಿಸಿ, ತಾವೇ ಮಾರಿದವರು. 1992ರಲ್ಲಿ ನೊಬೆಲ್ ಬಂತು.

ಆ ದ್ವೀಪಕ್ಕಾಗಿ ಬ್ರಿಟಿಷರೂ ಫ್ರೆಂಚರೂ ಎಷ್ಟು ಕಿತ್ತಾಡಿದರು ಅಂದ್ರೆ, ಅದು 14 ಸಲ ಕೈ ಬದಲಾಯಿಸಿತು. ಅದಕ್ಕೇ ಅದನ್ನು "ವೆಸ್ಟ್ ಇಂಡೀಸ್‌ನ ಹೆಲೆನ್" ಅಂತಾರೆ. ಗ್ರೀಕ್ ಕಥೆಯಲ್ಲಿ ಟ್ರಾಯ್ ಯುದ್ಧಕ್ಕೆ ಕಾರಣ ಆದ ಸುಂದರಿ ಹೆಲೆನ್. ವಾಲ್ಕಾಟ್ ತಮ್ಮ 'ಒಮೆರೋಸ್' (1990) ಕಾವ್ಯದಲ್ಲಿ ಆ ಹೆಸರನ್ನು ಮನೆಗೆಲಸ ಮಾಡಿದ ಒಬ್ಬ ಹೆಣ್ಣಿಗೆ ಇಟ್ಟರು. ಅವಳಿಗಾಗಿ ಜಗಳ ಆಡೋರು ರಾಜರಲ್ಲ, ಮೀನುಗಾರರು.

ಆ ಕಾವ್ಯ ಶುರು ಆಗೋದೇ ಕ್ಯಾಮೆರಾ ಹಿಡಿದ ಟೂರಿಸ್ಟ್‌ಗಳಿಂದ! ಫಿಲೊಕ್ಟೀಟ್ ಅನ್ನೋ ಮೀನುಗಾರ ಅವರಿಗೆ ದೋಣಿಗಾಗಿ ಮರ ಕಡಿದ ಕಥೆ ಹೇಳ್ತಾನೆ. ಇನ್ನೂ ನಾಲ್ಕು ಕಾಸು ಕೊಟ್ಟರೆ, ತುಕ್ಕು ಹಿಡಿದ ಲಂಗರು ತಾಗಿ ಆದ ಗಾಯದ ಕಲೆಯನ್ನೂ ತೋರಿಸ್ತಾನೆ. ಆ ಗಾಯ ಅವನೊಬ್ಬನದಲ್ಲ, ಸಂಕೋಲೆ ಹಾಕಿಸಿಕೊಂಡು ಆಫ್ರಿಕಾದಿಂದ ಬಂದ ಅವನ ಹಿರಿಯರದ್ದೂ ಹೌದು. ಅದು ವಾಸಿ ಆಗೋದು ಒಂದು ಗಿಡದ ಬೇರಿನಿಂದ. ಆ ಗಿಡದ ಬೀಜವನ್ನು ಆಫ್ರಿಕಾದಿಂದ ಹೊತ್ತು ತಂದಿದ್ದು ಒಂದು ಹಕ್ಕಿ. ಈಗ ಹೇಳಿ, ಇಲ್ಲಿ ಪ್ರಕೃತಿ ಯಾವುದು, ಚರಿತ್ರೆ ಯಾವುದು?

ಕಾವ್ಯ ಬಿಡಿ, ನಿಜವಾದ ಮರಗಳೇ ಹಾಗಿವೆ. ಬ್ರೆಡ್‌ಫ್ರೂಟ್ ತಗೊಳ್ಳಿ. ನಮ್ಮ ಕರಾವಳಿಯವರು ಜೀಗುಜ್ಜೆ ಅಂತಾರಲ್ಲ, ಅದೇ. ಕೆರಿಬಿಯನ್ ಅಂದ್ರೆ ಈ ಮರ ಅನ್ನೋವಷ್ಟು ಅಲ್ಲಿ ಬೆಳೆದಿದೆ. ಆದರೆ ಅದು ಅಲ್ಲಿಯದ್ದಲ್ಲ. 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್‌ನ ತಾಹಿತಿಯಿಂದ ಹಡಗಲ್ಲಿ ಸಸಿಗಳನ್ನು ತಂದ. ಯಾಕೆ? ಕಬ್ಬಿನ ತೋಟದಲ್ಲಿ ದುಡಿಯೋ ಗುಲಾಮರಿಗೆ ಅಗ್ಗದ ಊಟ ಬೇಕಿತ್ತು. ಆ ಕಬ್ಬೂ ಅಲ್ಲಿಯದ್ದಲ್ಲ, ಕೊಲಂಬಸ್‌ನ ಎರಡನೇ ಯಾನದಲ್ಲಿ ಬಂದಿದ್ದು. ಇದು ಗೊತ್ತಾದ ಮೇಲೆ "ಹಸಿರು ಮರದ ನೆರಳು" ಅಂತ ಬರೆದು ಸುಮ್ಮನಾಗೋಕೆ ಆಗುತ್ತಾ?

"ಅಯ್ಯೋ, ಎಲ್ಲಾ ಕಡೆ ನೋವೇ ಹುಡುಕ್ಬೇಕಾ? ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನಬಾರದಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾಲ್ಕಾಟ್‌ಗೂ ಬರೀ ಗೋಳು, ಬರೀ ಸೇಡಿನ ಸಾಹಿತ್ಯ ಇಷ್ಟ ಇರಲಿಲ್ಲ. ಅವರ ನೊಬೆಲ್ ಭಾಷಣ ಶುರು ಆಗೋದು ಟ್ರಿನಿಡಾಡ್‌ನ ಫೆಲಿಸಿಟಿ ಅನ್ನೋ ಹಳ್ಳಿಯ ರಾಮಲೀಲಾದಿಂದ. ಗುಲಾಮಗಿರಿ ಮುಗಿದ ಮೇಲೆ, 1845ರಿಂದ 1917ರವರೆಗೆ, ಸುಮಾರು 1 ಲಕ್ಷ 40 ಸಾವಿರ ಭಾರತೀಯರು ಕರಾರು ಕೂಲಿಗಳಾಗಿ ಟ್ರಿನಿಡಾಡ್‌ಗೆ ಹೋದರು. ಹೆಚ್ಚಿನವರು ಇವತ್ತಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಆಡ್ತಿದ್ದ ರಾಮಾಯಣವನ್ನು ವಾಲ್ಕಾಟ್ ಮೊದಲು "ಕಳೆದುಹೋದದ್ದರ ನೆರಳು" ಅನ್ನೋ ಹಾಗೆ ನೋಡಿದರು. ಆಮೇಲೆ ತಮ್ಮನ್ನೇ ತಿದ್ದಿಕೊಂಡರು: ಆ ಹುಡುಗರು ಏನನ್ನೂ ಕಳಕೊಂಡವರ ಹಾಗೆ ಇರಲಿಲ್ಲ, ಖುಷಿಯಾಗಿ ಹಬ್ಬ ಮಾಡ್ತಿದ್ದರು.

ಅಂದ್ರೆ ಚರಿತ್ರೆ ಗೊತ್ತಿದ್ದರೆ ಚೆಲುವು ಕಮ್ಮಿ ಆಗಲ್ಲ. ಇಷ್ಟೆಲ್ಲ ಆದಮೇಲೂ ಜನ ಹಾಡ್ತಾರೆ, ಕುಣೀತಾರೆ ಅನ್ನೋದೇ ದೊಡ್ಡ ಚೆಲುವು. ಅದು ಪೋಸ್ಟ್‌ಕಾರ್ಡ್‌ಗೆ ಕಾಣಲ್ಲ.

ಬಾರ್ಬಡೋಸ್‌ನ ಕವಿ ಕಮೌ ಬ್ರಾಥ್‌ವೇಟ್ ಇನ್ನೊಂದು ಮಾತು ಹೇಳ್ತಾರೆ. ಅಲ್ಲಿನ ಶಾಲೆ ಮಕ್ಕಳು ಇಂಗ್ಲಿಷ್ ಪದ್ಯ ಓದಿ ಓದಿ, ಕಂಡೇ ಇರದ ಹಿಮದ ಬಗ್ಗೆ ಬರೀತಿದ್ದರಂತೆ. ಮನೆ ಮಾಡು ಹಾರಿಸೋ ಚಂಡಮಾರುತಕ್ಕೆ ಮಾತ್ರ ಅವರ ಹತ್ರ ಲಯವೇ ಇರಲಿಲ್ಲ. ನಗಬೇಡಿ. ಡ್ಯಾಫೊಡಿಲ್ ಹೂವನ್ನು ಜನ್ಮದಲ್ಲಿ ನೋಡದೆ ಅದರ ಪದ್ಯ ಬಾಯಿಪಾಠ ಮಾಡಿದವರು ನಮ್ಮಲ್ಲಿ ಎಷ್ಟು ಜನ, ಕೈ ಎತ್ತಿ 🙋

ಹಾಗಾಗಿ ಅಂಡಮಾನ್‌ಗೋ ಮಾಲ್ಡೀವ್ಸ್‌ಗೋ ಟ್ರಿಪ್ ಹೋಗಿ ಬಂದು ಕವಿತೆ ಬರೆಯೋ ಫ್ರೆಂಡ್ಸ್‌ಗೆ ಒಂದೇ ವಿನಂತಿ. ಬರೀರಿ, ಖಂಡಿತ ಬರೀರಿ. ಬರೆಯೋ ಮುಂಚೆ ಒಂದು ಮರದ ಹೆಸರು ಕೇಳಿ, ಅದನ್ನು ಯಾರು ನೆಟ್ಟರು ಅಂತ ಕೇಳಿ. ನಿಮಗೆ ಎಳನೀರು ಕೊಟ್ಟವರ ಅಜ್ಜ ಅಜ್ಜಿ ಎಲ್ಲಿಂದ ಬಂದರು ಅಂತಲೂ ಕೇಳಿ. ಸೂರ್ಯಾಸ್ತ ಎಲ್ಲೂ ಓಡಿಹೋಗಲ್ಲ.

ನಿಮ್ಮೂರಲ್ಲಿ "ಇದು ನಮ್ಮದೇ" ಅಂತ ಅಂದುಕೊಂಡಿರೋ, ಆದರೆ ಹಡಗು ಹತ್ತಿ ಬಂದ ಒಂದು ಗಿಡ ಅಥವಾ ತಿಂಡಿ ಯಾವುದು? ಕಾಮೆಂಟಲ್ಲಿ ಬರೀರಿ. ಎರಡು ಸಾಲಿನ ಕವಿತೆ ಆದ್ರೆ ಇನ್ನೂ ಖುಷಿ 💙

#ಕನ್ನಡಓದು #ಕವಿತೆ #ವಾಲ್ಕಾಟ್ #ದ್ವೀಪ